ಹಿಂಡಲಗಾದ ಒಂಟಿ ಕೋಣೆ

ಸಾಂಬ್ರಾದಲ್ಲಿ ವಿಮಾನ ಇಳಿದು, ಬೆಳಗಾವಿ ಊರು ದಾಟಿ ವೆಂಗುರ್ಲಾ ರಸ್ತೆ ಹಿಡಿದರೆ ಹಿಂಡಲಗಾ ಸಿಗುತ್ತದೆ. ಗಲ್ಲು ಶಿಕ್ಷೆಯಾದವರನ್ನು ರಾಜ್ಯದ ಬೇರೆ ಕಡೆಗಳಿಂದಲೂ ಇಲ್ಲಿಯ ಕೇಂದ್ರ ಕಾರಾಗೃಹಕ್ಕೆ ಕಳಿಸುವುದು ರೂಢಿ. ಅಂಥ ಕೈದಿಗಳ ಹಕ್ಕನ್ನು ಎತ್ತಿಹಿಡಿದ ಎರಡು ದೊಡ್ಡ ತೀರ್ಪುಗಳ ಹಿಂದೆ ಈ ಜೈಲಿನಲ್ಲಿ ಕಳೆದ ವರ್ಷಗಳಿವೆ.

ಮೊದಲನೆಯದು ಪಾಲಾರ್ ಸ್ಫೋಟದ ಪ್ರಕರಣ. 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಆಚೆ, ಪಾಲಾರ್ ಬಳಿ ವೀರಪ್ಪನ್ ತಂಡ ಹುಗಿದಿಟ್ಟ ನೆಲಬಾಂಬ್ ಸಿಡಿದು 22 ಮಂದಿ ಸತ್ತರು. ಭಯೋತ್ಪಾದನೆ ವಿರೋಧಿ ಟಾಡಾ ಕಾಯ್ದೆಯಡಿ ನೂರಕ್ಕೂ ಹೆಚ್ಚು ಜನರ ಮೇಲೆ ಮೊಕದ್ದಮೆ ಬಿತ್ತು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ಬಹುಪಾಲು ಮಂದಿಯನ್ನು ಖುಲಾಸೆ ಮಾಡುವ ಹೊತ್ತಿಗೆ ಎಷ್ಟೋ ಜನ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆತಿದ್ದರು. ಈ ಅನ್ಯಾಯದ ಬಗ್ಗೆ ನಾವು ಮಾತಾಡಿದ್ದು ತೀರಾ ಕಡಿಮೆ.

ಈ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾಗಿದ್ದ ನಾಲ್ವರಿಗೆ 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಗಲ್ಲು ವಿಧಿಸಿತು. ಅವರ ಕ್ಷಮಾದಾನ ಅರ್ಜಿ ತಿರಸ್ಕೃತವಾದದ್ದು 2013ರ ಫೆಬ್ರುವರಿಯಲ್ಲಿ. ಒಂಬತ್ತು ವರ್ಷ ಅವರು ನಾಳೆ ನೇಣೋ, ನಾಡಿದ್ದೋ ಎಂದು ಕಾದರು. ಸತ್ತವರ ಮನೆಯವರೂ ಕಾದರು. 2014ರ ಜನವರಿ 21ರಂದು ನ್ಯಾಯಮೂರ್ತಿ ಪಿ. ಸದಾಶಿವಂ ನೇತೃತ್ವದ ಪೀಠ, ಈ ನಾಲ್ವರೂ ಸೇರಿ 15 ಮಂದಿಯ ಗಲ್ಲನ್ನು ಜೀವಾವಧಿಗೆ ಇಳಿಸಿತು. ಅರ್ಜಿ ತಿರಸ್ಕಾರವಾದ ಮೇಲೆ ನೇಣಿಗೆ ಮುನ್ನ ಕನಿಷ್ಠ 14 ದಿನ ಕೊಡಬೇಕೆಂದೂ ಹೇಳಿತು.

ಎರಡನೆಯದು ಉಮೇಶ್ ರೆಡ್ಡಿ ಪ್ರಕರಣ. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ಅತ್ಯಾಚಾರ, ಕೊಲೆಗೆ 2006ರಲ್ಲಿ ಗಲ್ಲು ಶಿಕ್ಷೆಯಾಯಿತು. ಅಪರಾಧ ಘೋರವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂದಿನಿಂದ 2016ರವರೆಗೆ ಹಿಂಡಲಗಾದಲ್ಲಿ ಅವನನ್ನು ಒಂಟಿ ಕೋಣೆಯಲ್ಲಿಟ್ಟರು. ಶಿಕ್ಷೆಯಾಗಿ ವಿಧಿಸುವ ಏಕಾಂತ ಸೆರೆ ಒಟ್ಟು ಮೂರು ತಿಂಗಳು ಮೀರಕೂಡದೆಂದು ದಂಡ ಸಂಹಿತೆ 1860ರಲ್ಲೇ ಬರೆದಿತ್ತು. ಕ್ಷಮಾದಾನದ ದಾರಿಯೂ ಮುಚ್ಚುವ ತನಕ ಗಲ್ಲಿನ ಕೈದಿಯನ್ನು ಹಾಗೆ ಒಂಟಿಯಾಗಿ ಇಡಬಾರದೆಂದು 1978ರಲ್ಲಿ ಸುನಿಲ್ ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. ಉಮೇಶನ ಅರ್ಜಿ ತಿರಸ್ಕೃತವಾದದ್ದು 2013ರಲ್ಲಿ. 2022ರ ನವೆಂಬರ್ 4ರಂದು ನ್ಯಾಯಮೂರ್ತಿ ಯು.ಯು. ಲಲಿತ್ ನೇತೃತ್ವದ ಪೀಠ ಈ ಏಕಾಂತ ಸೆರೆಯ ಕಾರಣಕ್ಕೆ ಗಲ್ಲನ್ನು ಕನಿಷ್ಠ 30 ವರ್ಷದ ಸೆರೆಗೆ ಇಳಿಸಿತು. ಜೈಲು ನಿಯಮ ಪಾಲಿಸಿದ್ದರೆ, ಕೊಲೆಯಾದ ಹೆಣ್ಣಿನ ಕುಟುಂಬ 24 ವರ್ಷದ ನಂತರ ಈ ತಿರುವು ನೋಡಬೇಕಾಗುತ್ತಿರಲಿಲ್ಲ.

2024ರ ಜುಲೈ 1ರಿಂದ ಹೊಸ ಅಪರಾಧ ಸಂಹಿತೆಗಳು ಜಾರಿಯಲ್ಲಿವೆ. ಕ್ಷಮಾದಾನದ ಅರ್ಜಿಗೆ ಕೈದಿಗೆ ಈಗ 30 ದಿನದ ಗಡುವಿದೆ. ರಾಷ್ಟ್ರಪತಿಯ ತೀರ್ಮಾನಕ್ಕೆ ಗಡುವಿಲ್ಲ. ಏಕಾಂತ ಸೆರೆಯ ಮಿತಿ ಹಾಗೆಯೇ ಉಳಿದಿದೆ. ಅದನ್ನು ಮೀರಿದ ಅಧಿಕಾರಿಗೆ ಏನು ಶಿಕ್ಷೆ ಎಂದು ಆ ಮಿತಿ ಹೇಳುವ ಸೆಕ್ಷನ್‌ಗಳು ಹೇಳುವುದಿಲ್ಲ.