ಮಿದುಳಿಗೆ ಯಂತ್ರದ ನೆರವು: ಅಳವಡಿಸಿದ ಮೇಲೆ ನೋಡಿಕೊಳ್ಳುವವರಾರು?

ಕುತ್ತಿಗೆಯ ಭಾಗದಲ್ಲಿ ಬೆನ್ನುಹುರಿಗೆ ಬಲವಾದ ಪೆಟ್ಟು ಬಿದ್ದವರ ಕೈಕಾಲುಗಳು ನಿಶ್ಚಲವಾಗುತ್ತವೆ. ಆದರೆ ಅವರ ಮಿದುಳು ನಿಶ್ಚಲವಾಗುವುದಿಲ್ಲ. ಕೈ ಎತ್ತಬೇಕೆಂಬ ಸಂಕಲ್ಪ ಅಲ್ಲಿ ಮೂಡುತ್ತಲೇ ಇರುತ್ತದೆ. ಅದು ಕೈಯನ್ನು ತಲುಪುವ ಹಾದಿ ಮಾತ್ರ ಕಡಿದುಹೋಗಿರುತ್ತದೆ. ಆ ಸಂಕಲ್ಪವನ್ನು ಮಿದುಳಿನಲ್ಲಿಯೇ ಗ್ರಹಿಸಿ ಕಂಪ್ಯೂಟರಿಗೆ ತಲುಪಿಸುವ ಸಾಧನಗಳನ್ನು ವಿಜ್ಞಾನಿಗಳು ರೂಪಿಸಿದ್ದಾರೆ.

ಇವುಗಳ ಕಾರ್ಯವಿಧಾನ ಅರಿಯಲು ಕಷ್ಟವಾದುದಲ್ಲ. ನರಕೋಶಗಳು ಕೆಲಸ ಮಾಡುವಾಗ ಅತಿ ಸೂಕ್ಷ್ಮವಾದ ವಿದ್ಯುತ್ ಸ್ಪಂದನಗಳು ಹೊಮ್ಮುತ್ತವೆ. ಶಸ್ತ್ರಚಿಕಿತ್ಸೆಯ ಮೂಲಕ ಮಿದುಳಿನ ಮೇಲ್ಪದರದಲ್ಲಿ ನೆಟ್ಟ ಪುಟ್ಟ ವಿದ್ಯುದ್ವಾರಗಳು ಅವನ್ನು ಗ್ರಹಿಸುತ್ತವೆ. ಯಾವ ಸ್ಪಂದನಕ್ಕೆ ಯಾವ ಚಲನೆ ಎಂಬುದನ್ನು ಕಂಪ್ಯೂಟರು ಅಭ್ಯಾಸದಿಂದ ಕಲಿಯುತ್ತದೆ.

2004ರಲ್ಲಿ ಅಮೆರಿಕದ ಬ್ರೇನ್‌ಗೇಟ್ ಪ್ರಯೋಗದಲ್ಲಿ ಕುತ್ತಿಗೆಯಿಂದ ಕೆಳಗೆ ಚಲನೆ ಕಳೆದುಕೊಂಡಿದ್ದ ತರುಣನೊಬ್ಬನಿಗೆ 96 ವಿದ್ಯುದ್ವಾರಗಳ ಸಾಧನವನ್ನು ಅಳವಡಿಸಲಾಯಿತು. ಆತ ಮನಸ್ಸಿನ ಸಂಕಲ್ಪದಿಂದಲೇ ಕಂಪ್ಯೂಟರ್ ಪರದೆಯ ಮೇಲಿನ ಗುರುತನ್ನು ಚಲಿಸುವಂತೆ ಮಾಡಿದನು. 2012ರಲ್ಲಿ ಪ್ರಕಟವಾದ ವರದಿಯಂತೆ, ಸುಮಾರು 15 ವರ್ಷಗಳ ಹಿಂದೆ ಪಾರ್ಶ್ವವಾಯುವಿಗೆ ತುತ್ತಾಗಿದ್ದ ಮಹಿಳೆಯೊಬ್ಬರು ಯಂತ್ರದ ತೋಳಿನಿಂದ ಕಾಫಿಯ ಬಾಟಲಿಯನ್ನು ಬಾಯಿಯ ಬಳಿಗೆ ತಂದುಕೊಂಡು ಕುಡಿದರು. ನರಕೋಶಗಳು ಕ್ರಮೇಣ ನಶಿಸುವ ಎ.ಎಲ್.ಎಸ್. ಕಾಯಿಲೆಯಿಂದ ಮಾತು ತೊದಲಿಹೋಗಿದ್ದ ವ್ಯಕ್ತಿಯೊಬ್ಬರು ಆಡಬಯಸಿದ ಪದಗಳನ್ನು ಯಂತ್ರವು ಶೇಕಡ 97ರಷ್ಟು ಸರಿಯಾಗಿ ಪರದೆಯ ಮೇಲೆ ಮೂಡಿಸಿತೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 2024ರಲ್ಲಿ ವರದಿ ಮಾಡಿದರು. ಆ ಮಾತುಗಳು ಅವರ ಹಿಂದಿನ ಧ್ವನಿಯನ್ನೇ ಹೋಲುವ ದನಿಯಲ್ಲಿ ಮನೆಯವರ ಕಿವಿಗೆ ಬಿದ್ದವು.

ಇವೆಲ್ಲವೂ ವಿಜ್ಞಾನಿಗಳ ನಿತ್ಯದ ಮೇಲ್ವಿಚಾರಣೆಯಲ್ಲಿ ನಡೆದ ಪ್ರಯೋಗಗಳೆಂಬುದನ್ನು ಮರೆಯಲಾಗದು. ಪ್ರಯೋಗವೇ ಬೇರೆ, ದಿನನಿತ್ಯದ ಚಿಕಿತ್ಸೆಯೇ ಬೇರೆ. ಹೃದಯದ ಪೇಸ್‌ಮೇಕರನ್ನೇ ನೋಡಿರಿ. 1958ರಲ್ಲಿ ಸ್ವೀಡನ್ ದೇಶದಲ್ಲಿ ರೋಗಿಯೊಬ್ಬರ ಶರೀರದೊಳಗೆ ಮೊದಲ ಬಾರಿಗೆ ಅಳವಡಿಸಿದ ಪೇಸ್‌ಮೇಕರು ಕೆಲವೇ ಗಂಟೆಗಳಲ್ಲಿ ಕೆಟ್ಟುಹೋಯಿತು. ಆದರೂ ಆ ರೋಗಿ 2001ರವರೆಗೆ ಬಾಳಿದರು. ಕೆಟ್ಟುದನ್ನು ತೆಗೆದು ಹೊಸತನ್ನು ಇಡುವ ವೈದ್ಯರೂ ತಯಾರಕರೂ ಅವರ ಬೆನ್ನಿಗಿದ್ದರು. ಅವರಿಗೆ 20ಕ್ಕೂ ಹೆಚ್ಚು ಬಾರಿ ಪೇಸ್‌ಮೇಕರ್ ಬದಲಿಸಲಾಯಿತು.

ಇಂಥ ಬೆಂಬಲ ಎಲ್ಲರಿಗೂ ದೊರೆಯಲಿಲ್ಲ. ಅಪಸ್ಮಾರದ ಆಘಾತವನ್ನು ಮುಂಚಿತವಾಗಿಯೇ ಸೂಚಿಸುವ ಮಿದುಳಿನ ಸಾಧನವೊಂದನ್ನು ನ್ಯೂರೋವಿಸ್ಟಾ ಎಂಬ ಕಂಪನಿಯು ಆಸ್ಟ್ರೇಲಿಯದಲ್ಲಿ 2010ರಿಂದ 15 ರೋಗಿಗಳ ಮೇಲೆ ಪರೀಕ್ಷಿಸಿತು. ಹಲವರಿಗೆ ಅದರಿಂದ ನೆರವಾಯಿತು. ಆದರೆ ಕಂಪನಿಯ ಹಣ ಮುಗಿದು ಅದು ಮುಚ್ಚಿತು. ಸಾಧನವನ್ನು ತನ್ನದೇ ಅಂಗವೆಂದು ಭಾವಿಸಿದ್ದ ಮಹಿಳೆಯೊಬ್ಬರು ಅದನ್ನು ಒಲ್ಲದ ಮನಸ್ಸಿನಿಂದ ತೆಗೆಸಿಕೊಳ್ಳಬೇಕಾಯಿತು. ಯಂತ್ರವು ಸೋಲದಿದ್ದರೂ ರೋಗಿಗೆ ನಷ್ಟವಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಯಂತ್ರಕ್ಕೂ ಅದರದೇ ತೊಡಕುಗಳಿವೆ. ವಿದ್ಯುದ್ವಾರದ ಸುತ್ತ ಗಾಯದ ಪೊರೆ ಬೆಳೆದು ಸಂಕೇತ ಕ್ಷೀಣಿಸಬಹುದು. ತಲೆಯ ಚರ್ಮದಿಂದ ಹೊರಬರುವ ಜೋಡಣೆಯಿದ್ದರೆ ಸೋಂಕಿನ ಭಯವಿರುತ್ತದೆ. 2024ರ ಜನವರಿಯಲ್ಲಿ ನ್ಯೂರಾಲಿಂಕ್ ಸಂಸ್ಥೆ ಮೊದಲ ರೋಗಿಗೆ ಅಳವಡಿಸಿದ ಸಾಧನದ ಹಲವು ಎಳೆಗಳು ಕೆಲವೇ ವಾರಗಳಲ್ಲಿ ಮಿದುಳಿನಿಂದ ಹಿಂದೆ ಸರಿದವು. ಸಂಕೇತವನ್ನು ಓದುವ ಕ್ರಮವನ್ನು ಬದಲಿಸಿದ ಮೇಲೆಯೇ ಕಾರ್ಯ ಸುಧಾರಿಸಿತು.

ಆದ್ದರಿಂದ ಇಂಥ ಚಿಕಿತ್ಸೆಯನ್ನು ಯಾರಾದರೂ ಸೂಚಿಸಿದಾಗ ಮನೆಯವರು ಶಸ್ತ್ರಚಿಕಿತ್ಸೆಯ ಖರ್ಚನ್ನಷ್ಟೇ ವಿಚಾರಿಸಿ ಸುಮ್ಮನಾಗಬಾರದು. ಹತ್ತು ವರ್ಷಗಳ ನಂತರ ಇದನ್ನು ದುರಸ್ತಿ ಮಾಡುವವರಾರು? ಪ್ರಯೋಗ ಮುಗಿದರೆ ಸಾಧನ ಯಾರ ಸ್ವತ್ತು? ತೆಗೆಯಬೇಕಾಗಿ ಬಂದರೆ ಖರ್ಚು ಯಾರದು? ಮಿದುಳಿನಿಂದ ಸಂಗ್ರಹಿಸಿದ ಮಾಹಿತಿ ಯಾರ ಕೈಯಲ್ಲಿರುತ್ತದೆ? ಇವಕ್ಕೆ ಲಿಖಿತ ಉತ್ತರ ಕೇಳುವುದು ರೋಗಿಯ ಹಕ್ಕು. ಆ ಉತ್ತರವನ್ನು ಆಸ್ಪತ್ರೆಗಳೂ ಸರ್ಕಾರಗಳೂ ಖಚಿತವಾಗಿ ಕೊಡಬಲ್ಲ ದಿನವೇ ಈ ವಿದ್ಯೆ ಸಾಮಾನ್ಯ ಜನರ ಚಿಕಿತ್ಸೆಯೆನಿಸಿಕೊಳ್ಳುವುದು.