ಅಪ್ಪ-ಅಮ್ಮ ಅಂಡಮಾನ್‌ಗೆ, ನಾನು ಕೊಟ್ಟಿಗೆಗೆ!

ದ್ವೀಪ ಪ್ರವಾಸ ಅಂದ ಕೂಡಲೇ ಮೊಬೈಲ್ ತೋರಿಸುವುದು ಒಂದೇ ಚಿತ್ರ. ಬಿಳಿ ಮರಳು, ನೀಲಿ ನೀರು, ಕೈ ಹಿಡಿದು ನಿಂತ ಹೊಸ ಜೋಡಿ. ಮದುವೆಯಾಗಿಯೇ 25 ವರ್ಷ ಕಳೆದವರು ಅಲ್ಲಿಗೆ ಹೋದರೆ ಹೇಗಿರುತ್ತದೆ? ಕಳೆದ ಜನವರಿಯಲ್ಲಿ ನನ್ನ ಅಪ್ಪ-ಅಮ್ಮ ಆರು ದಿನ ಅಂಡಮಾನ್‌ಗೆ ಹೋಗಿ ಬಂದರು. ಅದು ಅವರಿಬ್ಬರ ಮೊದಲ ಪ್ರವಾಸ.

ನಮ್ಮದು ತಿಪಟೂರು ಕಡೆಯ ಹಳ್ಳಿ. ತೆಂಗಿನ ತೋಟ, ಎರಡು ಹಸು. ಅಜ್ಜಿ ಎಂಟು ವರ್ಷ ಹಾಸಿಗೆ ಹಿಡಿದಿದ್ದರು. ಅಪ್ಪ ಹೋದ ಮದುವೆಗೆ ಅಮ್ಮ ಹೋಗುತ್ತಿರಲಿಲ್ಲ, ಅಮ್ಮ ತವರಿಗೆ ಹೋದರೆ ಅಪ್ಪ ಮನೆ ಬಿಡುತ್ತಿರಲಿಲ್ಲ. ಧರ್ಮಸ್ಥಳಕ್ಕೂ ಇಬ್ಬರೂ ಬೇರೆ ಬೇರೆಯಾಗಿಯೇ ಹೋದವರು. ಅಜ್ಜಿ ತೀರಿಕೊಂಡ ಮರುವರ್ಷ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಕ್ಕ ಟಿಕೆಟ್ ದುಡ್ಡು ನನ್ನದು ಅಂದಳು. ಅಪ್ಪ ನಕ್ಕರು. ‘ತೆಂಗಿನಮರ ನೋಡಕ್ಕೆ ಸಮುದ್ರ ದಾಟಿ ಹೋಗ್ಬೇಕೇನೋ?’ ಅಮ್ಮ ಮಾತ್ರ ನಗಲಿಲ್ಲ. ‘ಹಸು ಕರೆಯೋರು ಯಾರು?’ ಅಂದರು.

ನಿಜವಾದ ಪ್ರಶ್ನೆ ಅಮ್ಮನದೇ ಆಗಿತ್ತು. ಇಷ್ಟು ವರ್ಷ ಅವರನ್ನು ಕಟ್ಟಿಹಾಕಿದ್ದು ದುಡ್ಡೊಂದೇ ಅಲ್ಲ. ಇಬ್ಬರು ಹೊರಡಬೇಕಾದರೆ ಮೂರನೆಯವರೊಬ್ಬರು ಮನೆಯಲ್ಲಿ ಉಳಿಯಬೇಕು. ನನಗೆ ಸೆಮಿಸ್ಟರ್ ರಜೆ ಇತ್ತು. ‘ನಾನು ಕರೀತೀನಿ, ನೀವು ಹೊರಡಿ’ ಅಂದೆ.

ಪ್ಲಾನ್ ನಾನೇ ಮಾಡಿದೆ. ಲಕ್ಷದ್ವೀಪಕ್ಕೆ ಮೊದಲೇ ಅನುಮತಿ ಪಡೆಯಬೇಕು, ಅಂಡಮಾನ್‌ಗೆ ಭಾರತೀಯರಿಗೆ ಆ ತಾಪತ್ರಯವಿಲ್ಲ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಎರಡೂವರೆ ಗಂಟೆಯ ದಾರಿ. ಇಳಿಯುವುದು ಪೋರ್ಟ್ ಬ್ಲೇರ್‌ನಲ್ಲಿ. 2024ರಿಂದ ಅದರ ಹೆಸರು ಶ್ರೀ ವಿಜಯಪುರಂ. ಅಲ್ಲಿಂದ ಹಡಗಿನಲ್ಲಿ ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪ. ಇವೆರಡೂ 2018ರಲ್ಲಿ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಆಗಿವೆ. ಅಪ್ಪನ ಮಂಡಿನೋವು ನೆನಪಿಟ್ಟುಕೊಂಡು ದಿನಕ್ಕೆ ಒಂದೇ ಜಾಗ ಅಂತ ಇಟ್ಟೆ.

ಎರಡನೇ ದಿನ ಹ್ಯಾವ್‌ಲಾಕ್‌ನ ರಾಧಾನಗರ ಬೀಚ್‌ನಿಂದ ವಿಡಿಯೊ ಕಾಲ್ ಬಂತು. ಅಲ್ಲಿ ಸೂರ್ಯ ಮುಳುಗುತ್ತಿದ್ದ, ನಮ್ಮ ತೋಟದಲ್ಲಿ ಇನ್ನೂ ಚುರುಚುರು ಬಿಸಿಲು. ‘ಐದೂಕಾಲಿಗೇ ಕತ್ತಲಾಗ್ತಿದೆಯಲ್ಲೋ!’ ಅಂತ ಅಪ್ಪನಿಗೆ ಆಶ್ಚರ್ಯ. ಲೆಕ್ಕ ಸರಳ. ಅಂಡಮಾನ್ ನಮಗಿಂತ ಸುಮಾರು 16 ಡಿಗ್ರಿ ಪೂರ್ವಕ್ಕಿದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಗಡಿಯಾರ ಇಬ್ಬರಿಗೂ ಒಂದೇ, ಸೂರ್ಯ ಮಾತ್ರ ಅಲ್ಲಿ ಒಂದು ಗಂಟೆ ಮುಂದೆ. ಆ ಕಾಲ್ ಬಂದ ದಾರಿಯೂ ಸಣ್ಣದಲ್ಲ. ಚೆನ್ನೈನಿಂದ ಈ ದ್ವೀಪಗಳಿಗೆ ಸಮುದ್ರದ ತಳದಲ್ಲಿ ಸುಮಾರು 2,300 ಕಿ.ಮೀ. ಆಪ್ಟಿಕಲ್ ಫೈಬರ್ ಕೇಬಲ್ ಹಾಕಿ, 2020ರ ಆಗಸ್ಟ್‌ನಲ್ಲಿ ಚಾಲೂ ಮಾಡಿದ್ದಾರೆ. ಕ್ಲಾಸಿನಲ್ಲಿ ಮಾರ್ಕ್ಸ್‌ಗಾಗಿ ಓದಿದ ಫೈಬರ್‌ನಲ್ಲಿ ಅಮ್ಮನ ನಗು ಬಂದಾಗ ಆ ಚಾಪ್ಟರ್ ಮೇಲೆ ಗೌರವ ಹುಟ್ಟಿತು.

ನೀಲ್‌ನ ಭರತ್‌ಪುರ ಬೀಚಿನಲ್ಲಿ ಗಾಜಿನ ತಳದ ದೋಣಿ ಹತ್ತಿ ಇಬ್ಬರೂ ಹವಳ ನೋಡಿದರು. ‘ನೀರೊಳಗೆ ಹೂಕೋಸು ಬೆಳೆದಂಗಿತ್ತು ಕಣೋ’ ಎಂಬುದು ಅಮ್ಮನ ವರದಿ. ಹವಳ ಗಿಡವಲ್ಲ, ಜೀವಿ ಎಂದು ದೋಣಿಯವರು ಹೇಳಿದರಂತೆ. ದಡಕ್ಕೆ ಬಂದಮೇಲೆ ಅಪ್ಪ ಒಂದು ಬಿಳಿ ತುಂಡನ್ನು ಜೇಬಿಗೆ ಹಾಕಲು ಹೋದಾಗ ಅಮ್ಮ, ‘ರೀ, ಅಲ್ಲೇ ಇಡಿ, ಅದೂ ಹವಳವೇ’ ಅಂದು ವಾಪಸ್ ಇಡಿಸಿದ್ದಾರೆ. ಒಳ್ಳೆಯದೇ ಆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಹವಳಕ್ಕೂ ಇದೆ. ಸತ್ತ ಹವಳದ ತುಂಡನ್ನೂ ತರುವಂತಿಲ್ಲ.

ಕೊನೆಯ ದಿನ ಸೆಲ್ಯುಲರ್ ಜೈಲು. 1906ರಲ್ಲಿ ಕಟ್ಟಿ ಮುಗಿಸಿದ ಈ ಜೈಲಿನ ಏಳು ಸಾಲು ಕಟ್ಟಡಗಳಲ್ಲಿ ಉಳಿದಿರುವುದು ಮೂರೇ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದ ಹಾಗೆ ಕಟ್ಟಿದ ಒಂಟಿ ಕೋಣೆಗಳು. ಆ ರಾತ್ರಿ ಫೋನಿನಲ್ಲಿ ಅಪ್ಪ ಹೆಚ್ಚು ಮಾತಾಡಲಿಲ್ಲ.

ಇತ್ತ ನನ್ನ ಕಥೆ ಬೇರೆಯೇ. ಬೆಳಿಗ್ಗೆ ಐದೂವರೆಗೆ ಏಳಬೇಕು, ಸಗಣಿ ಬಾಚಬೇಕು, ಡೈರಿ ಮುಚ್ಚುವುದರೊಳಗೆ ಹಾಲು ಹಾಕಬೇಕು. ಮೊದಲ ದಿನ ಕೆಂದ ಹಸು ನನ್ನ ಕೈಗೆ ಹಾಲೇ ಇಳಿಸಲಿಲ್ಲ. ಪಕ್ಕದ ಮನೆಯ ಅತ್ತೆ ಬಂದು ಅಮ್ಮನ ಹಳೇ ಸೀರೆ ನನ್ನ ಹೆಗಲಿಗೆ ಹೊದಿಸಿದ ಮೇಲೆ ಸುಮ್ಮನೆ ನಿಂತಿತು! ತ್ರೀಫೇಸ್ ಕರೆಂಟ್ ರಾತ್ರಿ ಯಾವಾಗ ಬರುತ್ತದೋ ಎಂದು ಕಾದು ಮೋಟಾರ್ ಹಾಕಿದೆ. ಆರು ದಿನಕ್ಕೇ ನನ್ನ ಸೊಂಟ ಬಿದ್ದುಹೋಯಿತು. ಅವರಿಬ್ಬರು ಇದನ್ನು 25 ವರ್ಷ ಒಂದು ದಿನವೂ ರಜೆಯಿಲ್ಲದೆ ಮಾಡಿದ್ದಾರೆ. ನನ್ನ ಕಾಲೇಜು ಫೀಸು ಬಂದಿದ್ದೂ ಇದೇ ಹಾಲು, ಇದೇ ಕೊಬ್ಬರಿಯಿಂದ.

ಅವರು ತಂದ ಫೋಟೊಗಳಲ್ಲಿ ಒಂದನ್ನು ಅಕ್ಕ ಫ್ರೇಮ್ ಹಾಕಿಸಿದ್ದಾಳೆ. ಅಪ್ಪ ಪಂಚೆ ಎತ್ತಿಕಟ್ಟಿದ್ದಾರೆ, ಅಮ್ಮನ ಸೀರೆ ಮಂಡಿಯವರೆಗೆ ಒದ್ದೆ, ಇಬ್ಬರೂ ಅಲೆಗೆ ಹೆದರಿ ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದಾರೆ. ನಮ್ಮ ಮನೆಯಲ್ಲಿ ಮದುವೆ ಫೋಟೊ ಬಿಟ್ಟರೆ ಅವರಿಬ್ಬರೇ ಇರುವ ಫೋಟೊ ಇದೊಂದೇ. ಉಳಿದೆಲ್ಲದರಲ್ಲೂ ಮಧ್ಯೆ ನಾವಿದ್ದೇವೆ. ಈಗ ಸಂಜೆ ಹೊತ್ತು ಇಬ್ಬರೂ ಕೆರೆ ಏರಿ ಮೇಲೆ ಒಂದು ಸುತ್ತು ನಡೆದು ಬರುತ್ತಾರೆ. ಮೊದಲು ಇದಿರಲಿಲ್ಲ.

ಕೆಲಸ ಸಿಕ್ಕ ಮೇಲೆ ಅಪ್ಪ-ಅಮ್ಮನನ್ನು ಎಲ್ಲಾದರೂ ಕಳಿಸಬೇಕು ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿರುತ್ತೇವೆ. ದುಡ್ಡು ಬರುವಾಗ ಬರಲಿ. ವಿದ್ಯಾರ್ಥಿಗಳ ಹತ್ತಿರ, ಕೆಲಸ ಹುಡುಕುತ್ತಿರುವವರ ಹತ್ತಿರ ಈಗಲೇ ಇರುವುದು ಸಮಯ. ಅಂಡಮಾನೇ ಆಗಬೇಕಿಲ್ಲ, ಗೋಕರ್ಣವಾದರೂ ಸಾಕು. ಮನೆ, ಅಂಗಡಿ, ಹಸು, ಹಾಸಿಗೆ ಹಿಡಿದ ಹಿರಿಯರು, ಹೀಗೆ ಅವರನ್ನು ಹಿಡಿದಿಟ್ಟಿರುವುದು ಏನು ಎಂದು ನೋಡಿ. ‘ಎರಡು ದಿನ ನಾನು ನೋಡ್ಕೋತೀನಿ’ ಅಂದುಬಿಡಿ. ಬಸ್ ಟಿಕೆಟ್ ಅವರೇ ತೆಗೆಸಿಕೊಳ್ಳುತ್ತಾರೆ.