ಹಿಡಿಯ ಮೇಲಿನ ಕೆಂಪು 9

ಹಳೇ ಮಿಲಿಟರಿ ಪಿಸ್ತೂಲ್ ಕಲೆಕ್ಟ್ ಮಾಡೋರಿಗೆ ‘ರೆಡ್ ನೈನ್’ ಅಂದ್ರೆ ಸಾಕು, ಯಾವುದು ಅಂತ ತಕ್ಷಣ ಗೊತ್ತಾಗುತ್ತೆ. ಜರ್ಮನಿಯ ಮೌಸರ್ ಕಂಪನಿಯ ಸಿ96 ಪಿಸ್ತೂಲು, ಅದರ ಮರದ ಹಿಡಿಯಲ್ಲಿ ದೊಡ್ಡದಾಗಿ ಕೊರೆದು ಕೆಂಪು ಬಣ್ಣ ತುಂಬಿದ 9. ಆ ಅಂಕಿ ಯಾಕೆ ಬಂತು ಅನ್ನೋದು ಒಳ್ಳೇ ಎಂಜಿನಿಯರಿಂಗ್ ಕಥೆ.

ಸಿ96 ತಯಾರಿ ಶುರುವಾಗಿದ್ದು 1896ರಲ್ಲಿ. ಮ್ಯಾಗಜೀನ್ ಇರೋದು ಟ್ರಿಗರ್ ಮುಂದೆ. ಒಂದು ಕ್ಲಿಪ್‌ನಿಂದ ಹತ್ತು ಗುಂಡುಗಳನ್ನು ಮೇಲಿಂದ ಒತ್ತಿ ತುಂಬಬೇಕು. ಮೆಕ್ಯಾನಿಕಲ್‌ನವರೇ, ಇದನ್ನು ಕೇಳಿ: ಹಿಡಿಯ ಮರ ಕೂರಿಸೋ ಸ್ಕ್ರೂ ಬಿಟ್ಟರೆ ಇಡೀ ಪಿಸ್ತೂಲಿನಲ್ಲಿ ಸ್ಕ್ರೂನೇ ಇಲ್ಲ. ಬಿಡಿಭಾಗಗಳು ಒಂದಕ್ಕೊಂದು ಸಿಕ್ಕಿಕೊಂಡೇ ನಿಲ್ಲುತ್ತವೆ.

ಇದರ ಹೋಲ್‌ಸ್ಟರ್ ಇನ್ನೂ ಮಜಾ. ಅದೊಂದು ಟೊಳ್ಳಾದ ಮರದ ಪೆಟ್ಟಿಗೆ. ಪಿಸ್ತೂಲನ್ನು ಹೊರಗೆ ತೆಗೆದು ಅದೇ ಪೆಟ್ಟಿಗೆಯನ್ನು ಹಿಡಿಯ ಹಿಂದಿನ ಸ್ಲಾಟ್‌ಗೆ ಸಿಕ್ಕಿಸಿದರೆ ಭುಜಕ್ಕೆ ಆನಿಸಿ ಹೊಡೆಯೋ ಪುಟ್ಟ ರೈಫಲ್ ರೆಡಿ. ಚೀನಾದಲ್ಲಿ ಇದಕ್ಕೆ ‘ಪೆಟ್ಟಿಗೆ ಫಿರಂಗಿ’ ಅಂತಲೇ ಹೆಸರು ಬಿತ್ತು. 1898ರಲ್ಲಿ ಸುಡಾನಿನ ಒಮ್ದುರ್ಮಾನ್ ಯುದ್ಧದಲ್ಲಿ ಯುವ ಚರ್ಚಿಲ್ ಬಳಸಿದ್ದೂ ಮೌಸರನ್ನೇ. 1896ರಲ್ಲಿ ರೆಜಿಮೆಂಟ್ ಜೊತೆ ನಮ್ಮ ಬೆಂಗಳೂರಿಗೆ ಬರೋ ದಾರಿಯಲ್ಲಿ, ಬಾಂಬೆ ಬಂದರಿನಲ್ಲಿ ಇಳಿಯುವಾಗ ಅವರ ಭುಜದ ಕೀಲು ತಪ್ಪಿತ್ತು. ಕತ್ತಿ ಬೀಸೋದಕ್ಕಿಂತ ಪಿಸ್ತೂಲೇ ವಾಸಿ ಅನ್ನಿಸಿದ್ದು ಸಹಜ.

ಈಗ ಗುಂಡಿನ ವಿಷಯ. ಸಿ96ರ ಮೂಲ ಗುಂಡು 7.63 ಮಿ.ಮೀ. ಅದರ ಹಿತ್ತಾಳೆ ಕೇಸ್ 25 ಮಿ.ಮೀ. ಉದ್ದ, ತುದಿಯಲ್ಲಿ ಬಾಟಲಿ ಕತ್ತಿನ ಹಾಗೆ ಕಿರಿದಾಗುತ್ತೆ. ವೇಗ ಸೆಕೆಂಡಿಗೆ ಸುಮಾರು 430 ಮೀಟರ್, ಆ ಕಾಲದ ಪಿಸ್ತೂಲಿಗೆ ಸಿಕ್ಕಾಪಟ್ಟೆ ಜಾಸ್ತಿ. ಆದರೆ ಜರ್ಮನ್ ಸೈನ್ಯದ ಅಧಿಕೃತ ಪಿಸ್ತೂಲು ಲೂಗರ್ ಪಿ08, ಅದರದ್ದು 9 ಮಿ.ಮೀ. ಗುಂಡು. ಮೊದಲ ಮಹಾಯುದ್ಧದಲ್ಲಿ ಲೂಗರ್‌ಗಳು ಸಾಲದೆ ಹೋದಾಗ 1916ರಲ್ಲಿ ಸೈನ್ಯ 1,50,000 ಮೌಸರ್‌ಗಳಿಗೆ ಆರ್ಡರ್ ಕೊಟ್ಟಿತು, 9 ಮಿ.ಮೀ.ನಲ್ಲೇ ಬೇಕು ಅಂತ. ಸೈನ್ಯಕ್ಕೆ ಎರಡೆರಡು ಥರದ ಗುಂಡು ಸಪ್ಲೈ ಮಾಡೋದು ದೊಡ್ಡ ತಲೆನೋವು.

ಎರಡೂ ಗುಂಡುಗಳ ಬುಡದ ಅಳತೆ ಹತ್ತತ್ತಿರ ಒಂದೇ, ಸುಮಾರು 10 ಮಿ.ಮೀ. ಹಾಗಾಗಿ ಮೌಸರ್‌ನವರು ಡಿಸೈನ್ ತಲೆಕೆಳಗು ಮಾಡಬೇಕಾಗಲಿಲ್ಲ. ಆದರೆ ಅದರಿಂದಲೇ ತೊಂದರೆಯೂ ಬಂತು: ಹೊರಗಿನಿಂದ ಒಂದೇ ಥರ ಕಾಣೋ ಎರಡು ಪಿಸ್ತೂಲು, ಎರಡು ಬೇರೆ ಗುಂಡು. ಕಂದಕದ ಕತ್ತಲಲ್ಲಿ ತಪ್ಪು ಗುಂಡು ತುಂಬಿ ಪಿಸ್ತೂಲು ಕೈಕೊಟ್ಟರೆ ಸಿಪಾಯಿಯ ಜೀವವೇ ಹೋಗಬಹುದು. ಅದಕ್ಕೇ ಹಿಡಿಯಲ್ಲಿ ಆ 9 ಕೊರೆದದ್ದು.

ಸಂಗ್ರಾಹಕರಿಗೆ ಈಗ ಅದೇ ಅಂಕಿ ತಲೆನೋವು. ಮಾಮೂಲಿ ಸಿ96ರ ಹಿಡಿಯಲ್ಲಿ ಯಾರು ಬೇಕಾದರೂ 9 ಕೊರೆದು ದುಬಾರಿ ಬೆಲೆಗೆ ಮಾರಬಹುದಲ್ಲ! ಹಾಗಾಗಿ ಬಲ್ಲವರು ಅಂಕಿಯನ್ನು ಕೊನೆಗೆ ನೋಡ್ತಾರೆ. ಮೊದಲು ಬ್ಯಾರೆಲ್‌ನ ಅಳತೆ, ಆಮೇಲೆ ಬಿಡಿಭಾಗಗಳ ನಂಬರ್ ಒಂದಕ್ಕೊಂದು ತಾಳೆಯಾಗುತ್ತಾ ಅಂತ. ವರ್ಸೈ ಒಪ್ಪಂದದ ನಂತರ ಎಷ್ಟೋ ಬ್ಯಾರೆಲ್‌ಗಳನ್ನು 10 ಸೆಂ.ಮೀ.ಗಿಂತ ಚಿಕ್ಕದಾಗಿ ಕತ್ತರಿಸಿಬಿಟ್ಟರು, ಹಾಗಾಗಿ ಪೂರ್ತಿ ಉದ್ದದ್ದಕ್ಕೆ ಬೇಡಿಕೆ ಹೆಚ್ಚು. (ನಮ್ಮಲ್ಲಿ 2019ರ ಕಾನೂನು ತಿದ್ದುಪಡಿ ಪ್ರಕಾರ ಲೈಸೆನ್ಸ್ ಇದ್ದರೂ ಒಬ್ಬರಿಗೆ ಎರಡೇ ಬಂದೂಕು. ನಮಗಂತೂ ಫೋಟೋ ನೋಡೋದೇ ಕಲೆಕ್ಷನ್.)

7.63ರ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಸೋವಿಯತ್‌ನವರು ಅದನ್ನೇ ಆಧಾರ ಮಾಡಿಕೊಂಡು ಟೊಕಾರೆವ್ ಪಿಸ್ತೂಲಿನ 7.62 ಗುಂಡು ಮಾಡಿದರು. ಅಳತೆ ಬಹುತೇಕ ಒಂದೇ ಆದ್ದರಿಂದ ಅದು ಹಳೇ ಸಿ96ನಲ್ಲೂ ಕೂರುತ್ತೆ. ಆದರೆ ಸಾಮಾನ್ಯವಾಗಿ ಅದರ ಒತ್ತಡ ಹೆಚ್ಚು, ಪಿಸ್ತೂಲಿನ ಉಕ್ಕಿಗೆ ನೂರು ವರ್ಷ ವಯಸ್ಸು. ಹಾಗಾಗಿ ತಿಳಿದವರು ಅದನ್ನು ಇದರಲ್ಲಿ ಹಾರಿಸೋಕೆ ಹೋಗಲ್ಲ.